ಮಲೆನಾಡಿನ ಏರಿಗೆ ಅಗ್ಗದ ರೋಡ್ ಬೈಕ್ (ಗೇರಿನ ಸೈಕಲ್): ಏನೇನು ನೋಡಬೇಕು?

ಬಣ್ಣ, ತೂಕ ಆಮೇಲೆ. ಮೊದಲು ಗೇರಿನ ಹಲ್ಲು ಎಣಿಸಿ. ಆಗುಂಬೆ ಘಾಟಿಯಂಥ ಏರಿಗೆ ಮುಂದೆ ಪೆಡಲಿನ ಬಳಿಯ ಚಿಕ್ಕ ಹಲ್ಲುಚಕ್ರದಲ್ಲಿ 34, ಹಿಂದಿನ ಗಾಲಿಯ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಕನಿಷ್ಠ 32 ಹಲ್ಲು ಬೇಕು. ಮುಂದೆ 39, ಹಿಂದೆ 25 ಇದ್ದರೆ ಅರ್ಧ ದಾರಿಗೇ ಮಂಡಿ ಸೋಲುತ್ತದೆ. ಶಿಮಾನೊ ಕಂಪನಿಯ ಗೇರ್ ಸೆಟ್‌ಗಳಲ್ಲಿ ಕ್ಲಾರಿಸ್‌ನ ಹಿಂದಿನ 8 ಗೇರು ಸಾಕು, ಸೋರಾದ 9 ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವು ಬೈಕುಗಳಲ್ಲಿ ಹಿಂದಿನ ಡಿರೈಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಮಾತ್ರ ಸೋರಾ; ಕ್ರ್ಯಾಂಕು (ಪೆಡಲಿನ ತೋಳು), ಬ್ರೇಕು ಅಗ್ಗದ್ದು. ಒಂದೊಂದರ ಮೇಲಿನ ಹೆಸರನ್ನೂ ಓದಿ.

ಮಳೆಗಾಲದಲ್ಲಿ ಬ್ರೇಕಿನ ರಬ್ಬರಿಗೆ ಮರಳು ಅಂಟಿ ರಿಮ್ಮನ್ನೇ ತೇಯುತ್ತದೆ. ಅದಕ್ಕೇ ಡಿಸ್ಕ್ ಬ್ರೇಕ್ ಇರಲಿ, ಕೇಬಲಿನದಾದರೂ ಸರಿ. ಟೈರು 28 ಮಿ.ಮೀ., ಜೊತೆಗೆ ಮಡ್‌ಗಾರ್ಡ್ ಕೂರುವಷ್ಟು ಜಾಗ.

ಹಳೇ ಬೈಕಾದರೆ ಚೈನಿನ 24 ಕೊಂಡಿ ಅಳೆಯಿರಿ. ಹೊಸದಿದ್ದಾಗ 304.8 ಮಿ.ಮೀ.; 308 ತೋರಿಸಿದರೆ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಸವೆದಿರುತ್ತದೆ, ಎರಡರ ಬೆಲೆಯನ್ನೂ ಕಳೆದು ಮಾತಾಡಿ.