ಮಲಗಿಸಿ ಎಬ್ಬಿಸುವ ಕಂಬ

ನಮ್ಮ ಊರು ಚಿತ್ರದುರ್ಗದ ಹತ್ತಿರ. ಸುತ್ತಲಿನ ಗುಡ್ಡಗಳ ಮೇಲೆ ದೊಡ್ಡ ದೊಡ್ಡ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆದರು. ರಸ್ತೆ ಪಕ್ಕ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಟ್ರೈಲರ್, ಗೇಟು, ಕಿಟಕಿ ಗ್ರಿಲ್, ನೀರಿನ ಟ್ಯಾಂಕಿನ ಸ್ಟ್ಯಾಂಡು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ತೋಟದ ಮನೆಗೆ ಸೋಲಾರ್ ಹಾಕಿಸಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಆಷಾಢ ಬಂತೆಂದರೆ ಮೋಡ ಮುಚ್ಚಿ ಬ್ಯಾಟರಿ ತುಂಬುತ್ತಿರಲಿಲ್ಲ. ಹೊರಗೆ ನೋಡಿದರೆ ಹೆಂಚು ಹಾರಿಸುವಂಥ ಗಾಳಿ. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲವಲ್ಲ.

ಗಾಳಿಯಂತ್ರವನ್ನು ರೆಡಿಮೇಡ್ ತಂದೆ. ಒಂದು ಕಿಲೋವ್ಯಾಟಿನದು, ರೆಕ್ಕೆಗಳ ವ್ಯಾಸ 2.4 ಮೀಟರ್, ತೂಕ ಸುಮಾರು 35 ಕೆಜಿ. ಕಂಬ ಮಾತ್ರ ನನ್ನ ಶಾಪಿನಲ್ಲೇ ಆಗಬೇಕು ಅಂತ ಹಟ. ಕೊನೆಗೆ ನೋಡಿದರೆ ಯಂತ್ರಕ್ಕಿಂತ ಕಂಬವೇ ದೊಡ್ಡ ಕೆಲಸ. ನಾನು ಮಾಡಿದ್ದು ಎರಡು ಕಂಬ. ಮೊದಲನೆಯದು ನಿಲ್ಲಲೇ ಇಲ್ಲ.

ಜಾಗದ ವಿಷಯ ಮೊದಲು. ಮನೆ ತಾರಸಿ ಮೇಲೆ ಹಾಕಿಬಿಡಿ ಅಂತ ತುಂಬಾ ಜನ ಹೇಳಿದರು. ಒಪ್ಪಲಿಲ್ಲ. ಯಂತ್ರದ ನಡುಕ ಗೋಡೆಗೆ ಇಳಿಯುತ್ತದೆ, ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ. ಅದಕ್ಕಿಂತ ಮುಖ್ಯ, ಮನೆಗೆ ಬಡಿದ ಗಾಳಿ ಸೂರಿನ ಮೇಲೆ ಸುಳಿ ಸುತ್ತುತ್ತದೆ. ಸುಳಿಗಾಳಿ ರೆಕ್ಕೆಯನ್ನು ಸವೆಸುತ್ತದೆಯೇ ಹೊರತು ಕರೆಂಟು ಕೊಡುವುದಿಲ್ಲ. ಎರಡು ಬಿದಿರು ಜೋಡಿಸಿ, ಐದೈದು ಅಡಿಗೆ ಹಳೇ ಸೀರೆಯ ಪಟ್ಟಿ ಕಟ್ಟಿ, ಮನೆ ಪಕ್ಕ ತೆಂಗಿನ ಮರಗಳ ನಡುವೆ ಎತ್ತಿ ಹಿಡಿಸಿದೆ. ತುದಿಯವರೆಗೂ ಪಟ್ಟಿಗಳು ದಿಕ್ಕಿಗೊಂದರಂತೆ ಒದ್ದಾಡಿದವು. ಅದೇ ಬಿದಿರನ್ನು ನಮ್ಮಜ್ಜ ರಾಗಿ ತೂರುತ್ತಿದ್ದ ಹಳೇ ಕಣದ ದಿಬ್ಬಕ್ಕೆ ಒಯ್ದೆವು. ಹದಿನೈದು ಅಡಿ ಮೇಲಿನ ಪಟ್ಟಿಗಳೆಲ್ಲ ಇಸ್ತ್ರಿ ಹಾಕಿದ ಹಾಗೆ ಮೂಡಲ ಕಡೆಗೆ ನೇರ ನಿಂತವು. ಕಣ ಎಲ್ಲಿ ಮಾಡಬೇಕು ಅಂತ ಆ ಕಾಲದವರಿಗೆ ಮೀಟರ್ ಇಲ್ಲದೆಯೇ ಗೊತ್ತಿತ್ತು.

ಲೆಕ್ಕವೊಂದನ್ನು ನೆನಪಿಟ್ಟುಕೊಳ್ಳಬೇಕು. ಸುತ್ತ 300 ಅಡಿಯೊಳಗೆ ಇರುವ ಮರ, ಮನೆ, ಏನೇ ಇರಲಿ, ರೆಕ್ಕೆ ಅದಕ್ಕಿಂತ ಕನಿಷ್ಠ 30 ಅಡಿ ಮೇಲಿರಬೇಕು. ದಿಬ್ಬದ ಸುತ್ತ ಕುರುಚಲು ಗಿಡ ಬಿಟ್ಟರೆ ಏನಿಲ್ಲ. ಹಾಗಾಗಿ 12 ಮೀಟರ್, ಅಂದರೆ 40 ಅಡಿ ಕಂಬ ಸಾಕಾಯಿತು. ಮನೆಗೆ ದೂರ ಆಗಿ ಕೇಬಲ್ ಖರ್ಚು ಜಾಸ್ತಿ ಬಂತು, ಬರಲಿ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ಬಯಲಲ್ಲಿ 6 ಮೀಟರ್‌ನಿಂದ 12 ಮೀಟರ್‌ಗೆ ಏರಿದರೆ ವೇಗ ಹತ್ತರಲ್ಲಿ ಒಂದು ಪಾಲು ಹೆಚ್ಚಾಗಬಹುದು, ಅಷ್ಟಕ್ಕೇ ಶಕ್ತಿ ಮೂರನೇ ಒಂದು ಪಾಲು ಹೆಚ್ಚುತ್ತದೆ.

ಮೊದಲ ಕಂಬಕ್ಕೆ ಮೂರು ಇಂಚಿನ ಜಿಐ ಪೈಪ್, ಅಂದರೆ ಸತು ಬಳಿದ ಉಕ್ಕಿನ ಪೈಪ್ ತಂದೆ. 6 ಮೀಟರಿನ ಎರಡು ಪೈಪನ್ನು ತುದಿಗೆ ತುದಿ ಕೂಡಿಸಿ ಸುತ್ತ ವೆಲ್ಡ್ ಹೊಡೆದೆ. ಬುಡಕ್ಕೆ ಕೀಲು. ಕೀಲಿನ ಹತ್ತಿರವೇ ಕಂಬಕ್ಕೆ ಅಡ್ಡಲಾಗಿ ಏಳು ಅಡಿಯ ಇನ್ನೊಂದು ಪೈಪು, ಇದಕ್ಕೆ ಜಿನ್ ಪೋಲ್ ಅಂತಾರೆ. ಹಳೇ ಬಾವಿಯ ಏತ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಂಬ ನೆಲದಲ್ಲಿ ಮಲಗಿರುವಾಗ ಜಿನ್ ಪೋಲ್ ನೆಟ್ಟಗೆ ನಿಂತಿರುತ್ತದೆ. ಅದರ ತುದಿ ಹಿಡಿದು ಎಳೆದರೆ ಅದು ಮಲಗುತ್ತದೆ, ಕಂಬ ಏಳುತ್ತದೆ.

ಎಳೆಯಲು ಪಕ್ಕದ ತೋಟದವರ ಟ್ರ್ಯಾಕ್ಟರ್ ಕರೆಸಿದೆ. ಯಂತ್ರದ ಬದಲು ತುದಿಗೆ 35 ಕೆಜಿ ಮರಳಿನ ಚೀಲ ಕಟ್ಟಿದ್ದೆ. ಆ ಬುದ್ಧಿ ಬಂದದ್ದು ಪುಣ್ಯ. ಕಂಬದ ತುದಿ ಆಳೆತ್ತರಕ್ಕೆ ಬಂದಿತ್ತು. ಡ್ರೈವರ್ ಒಮ್ಮೆ ನಿಲ್ಲಿಸಿ ಮತ್ತೆ ಕ್ಲಚ್ ಬಿಟ್ಟ. ಒಂದೇ ಜಗ್ಗು. ವೈರ್ ರೋಪ್ ಬಿಗಿದು, ನಡುವಿನ ಜಾಯಿಂಟಿನಲ್ಲಿ ಟಣ್ ಅಂತ ಸದ್ದು ಬಂತು, ಕಂಬ ಮೊಣಕೈ ಮಡಿಸಿದ ಹಾಗೆ ಮಡಿಸಿಕೊಂಡು ನೆಲಕ್ಕೆ ಬಿತ್ತು. ಕೆಲಸದ ಹುಡುಗನನ್ನು ಅರವತ್ತು ಅಡಿ ಆಚೆ ನಿಲ್ಲಿಸಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಜಾಯಿಂಟನ್ನು ಗ್ರೈಂಡರ್‌ನಲ್ಲಿ ಸೀಳಿ ನೋಡಿದೆ. ವೆಲ್ಡ್ ಒಳಗೆ ದೋಸೆಯಲ್ಲಿ ಇರುವ ಹಾಗೆ ತೂತೋ ತೂತು. ತಪ್ಪು ನನ್ನದೇ. ಜಿಐ ಪೈಪಿನ ಮೇಲಿನ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಹಾಗಾಗಿ ಉಕ್ಕು ಕೂಡುವಷ್ಟರಲ್ಲಿ ಸತುವಿನ ಆವಿ ನುಗ್ಗಿ ಗುಳ್ಳೆ ಬಿಟ್ಟಿರುತ್ತದೆ. ಗೇಟಿಗೆ ಇದು ನಡೆದುಹೋಗುತ್ತದೆ, ಕಂಬಕ್ಕೆ ನಡೆಯುವುದಿಲ್ಲ. ಮೇಲಾಗಿ ಆ ಹೊಗೆ ಕುಡಿದ ರಾತ್ರಿ ನನಗೆ ಚಳಿಜ್ವರ ಬಂದಿತ್ತು, ಹಲ್ಲು ಕಟಕಟ ಅನ್ನುವಷ್ಟು. ಹಾಲು ಕುಡಿದರೆ ಸರಿಹೋಗುತ್ತದೆ ಅಂತ ನಮ್ಮ ಶಾಪುಗಳಲ್ಲಿ ನಂಬಿಕೆ. ಹಾಲು ಹೊಗೆಗೆ ಔಷಧಿ ಅಲ್ಲ. ಜಾಯಿಂಟಿನ ಎರಡೂ ಕಡೆ ಎರಡೆರಡು ಇಂಚು ಸತುವನ್ನು ಉಜ್ಜಿ ತೆಗೆದು, ಮಾಸ್ಕ್ ಹಾಕಿಕೊಂಡು, ಬಯಲಲ್ಲಿ ಗಾಳಿ ಪಕ್ಕದಿಂದ ಬೀಸಿ ಹೊಗೆ ಇನ್ನೊಂದು ಪಕ್ಕಕ್ಕೆ ಹೋಗುವ ಹಾಗೆ ಕೂತು ವೆಲ್ಡ್ ಮಾಡುವುದೇ ದಾರಿ.

ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ನನ್ನ ಭಾವಮೈದ ಭಾನುವಾರ ಬಂದ. ಊಟದ ಮೇಲೆ ಹಾಳೆ ಪೆನ್ನು ಹಿಡಿದು ಕೂತೆವು. ಗಾಳಿಯ ಒತ್ತಡಕ್ಕೆ ಐಎಸ್ 875, ಅಂದರೆ ಕಟ್ಟಡಗಳ ಮೇಲಿನ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ, ಅದರ ಮೂರನೇ ಭಾಗದಲ್ಲಿ ಒಂದು ಸರಳ ಸೂತ್ರ ಇದೆ. ವೇಗವನ್ನು ಅದರಿಂದಲೇ ಗುಣಿಸಿ, 0.6ರಿಂದ ಗುಣಿಸಬೇಕು. ಬೆಂಗಳೂರಿಗೆ ಅದರಲ್ಲಿ ಸೆಕೆಂಡಿಗೆ 33 ಮೀಟರ್ ವೇಗ ಕೊಟ್ಟಿದ್ದಾರೆ. ನಾವು ದಿಬ್ಬದ ಮೇಲಿದ್ದೇವೆ ಅಂತ 39 ಹಿಡಿದೆವು. ಚದರ ಮೀಟರಿಗೆ ಸುಮಾರು 913 ನ್ಯೂಟನ್, ಅಂದರೆ 93 ಕೆಜಿ ಒತ್ತಡ ಬಂತು. ರೆಕ್ಕೆ ತಿರುಗುವ ವೃತ್ತ 4.5 ಚದರ ಮೀಟರ್. ಅದನ್ನು ಗಟ್ಟಿ ತಗಡು ಅಂತಲೇ ಎಣಿಸಿದರೆ ಕಂಬದ ತುದಿಗೆ 420 ಕೆಜಿ ನೂಕು.

"ಭಾವ, ತುದಿಯ ಐದು ಅಡಿ ನೋಡಿ," ಅಂದ. "ರೆಕ್ಕೆ ತಾಗಬಾರದು ಅಂತ ಕಂಬವನ್ನು ಸುತ್ತಲಿಂದ ಎಳೆದು ಹಿಡಿಯುವ ಸ್ಟೇ ವೈರನ್ನು ಅದಕ್ಕಿಂತ ಕೆಳಗೇ ಕಟ್ಟಬೇಕಲ್ವಾ? ಅಲ್ಲಿಂದ ಮೇಲಕ್ಕೆ ಪೈಪಿಗೆ ಯಾರ ಆಸರೆಯೂ ಇಲ್ಲ."

ಆ ಐದು ಅಡಿಯ ಲೆಕ್ಕ ಹಾಕಿದೆವು. ಮೂರು ಇಂಚಿನ ಮೀಡಿಯಂ ಪೈಪಿನಲ್ಲಿ ಚದರ ಮಿಲಿಮೀಟರಿಗೆ 29 ಕೆಜಿ ಬರುತ್ತದೆ. ಇಂಥ ಪೈಪಿನ ಉಕ್ಕು 20ರ ಆಸುಪಾಸಿನಲ್ಲೇ ಬಾಗಲು ಶುರುವಾಗುತ್ತದೆ. ನಾಲ್ಕು ಇಂಚಿನದಾದರೆ 15 ಚಿಲ್ಲರೆ. ನಾನು ಪೆನ್ನು ಕೆಳಗಿಟ್ಟೆ. ಅವತ್ತು ಟ್ರ್ಯಾಕ್ಟರ್ ಜಗ್ಗದೆ ಕಂಬ ಎದ್ದು ನಿಂತಿದ್ದರೆ ಯಾವುದೋ ಬಿರುಗಾಳಿಯ ದಿನ ಯಂತ್ರದ ಸಮೇತ ಬೀಳುತ್ತಿತ್ತು.

ಎರಡನೇ ಕಂಬ ನಾಲ್ಕು ಇಂಚಿನದು, ನೀಲಿ ಪಟ್ಟಿಯ ಮೀಡಿಯಂ ಕ್ಲಾಸ್. ಗೋಡೆ 4.5 ಮಿಲಿಮೀಟರ್, ಮೀಟರಿಗೆ 12 ಕೆಜಿ. ಅಂಗಡಿಯಲ್ಲಿ ಹಳದಿ ಪಟ್ಟಿಯ ಲೈಟ್ ಕ್ಲಾಸ್ ತೋರಿಸಿ "ಇದೂ ನಾಲ್ಕು ಇಂಚೇ" ಅನ್ನುತ್ತಾರೆ, ತಗೊಳ್ಳಬೇಡಿ. ಜಾಯಿಂಟಿಗೆ ಈ ಸಲ 12 ಮಿಲಿಮೀಟರ್ ಪ್ಲೇಟಿನ ಫ್ಲೇಂಜ್, ಅಂದರೆ ಪೈಪಿನ ತುದಿಗೆ ಕೂರಿಸಿ ಬೋಲ್ಟು ಹಾಕುವ ಬಿಲ್ಲೆ, 16 ಮಿಲಿಮೀಟರಿನ ಆರು ಬೋಲ್ಟು, ಸುತ್ತ ತ್ರಿಕೋನದ ಆಸರೆ ತುಂಡುಗಳು. ಒಳಗೆ ಎರಡು ಅಡಿಯ ಸಣ್ಣ ಪೈಪೊಂದನ್ನು ಎರಡೂ ಕಡೆಗೆ ಬರುವ ಹಾಗೆ ತೂರಿಸಿದೆ. 7018 ವೆಲ್ಡಿಂಗ್ ರಾಡನ್ನು ಒಲೆಯಲ್ಲಿ ಚೆನ್ನಾಗಿ ಒಣಗಿಸಿಕೊಂಡೇ ವೆಲ್ಡ್ ಮಾಡಿದೆ. ಒಂದೇ ಕಡೆಯಿಂದ ಸುತ್ತಿಕೊಂಡು ಹೋದರೆ ಫ್ಲೇಂಜ್ ಸೊಟ್ಟಗಾಗುತ್ತದೆ, ಎದುರುಬದುರು ತುಂಡು ತುಂಡಾಗಿ ಹೊಡೆಯಬೇಕು. ಆಮೇಲೆ ಬೆಳ್ಳಗಾಗುವ ಹಾಗೆ ಉಜ್ಜಿ ಎರಡು ಕೋಟ್ ಸತುವಿನ ಪೇಂಟ್. ಮೊದಲ ಕಂಬದಲ್ಲಿ ನೇರ ಉಳಿದಿದ್ದ ಪೈಪಿನಿಂದ 5 ಮೀಟರ್ ಕತ್ತರಿಸಿ ಹೊಸ ಜಿನ್ ಪೋಲ್ ಮಾಡಿದೆ.

ಜಿನ್ ಪೋಲ್ ಉದ್ದದ ಮೇಲೆ ಎಲ್ಲ ನಿಂತಿದೆ. ಕಂಬ ಮಲಗಿರುವಾಗಲೇ ಎಳೆತ ಅತಿ ಹೆಚ್ಚು, ಏಳುತ್ತಾ ಹೋದ ಹಾಗೆ ಹಗುರ. ಮೂರು ಇಂಚಿನ ಹಗುರ ಕಂಬವನ್ನೇ ಏಳು ಅಡಿಯ ಜಿನ್ ಪೋಲಿನಿಂದ ಎತ್ತಲು 500 ಕೆಜಿಗಿಂತ ಜಾಸ್ತಿ ಎಳೆತ ಬೇಕಿತ್ತು. ನಾಲ್ಕು ಇಂಚಿನ ಭಾರದ ಕಂಬಕ್ಕೆ 5 ಮೀಟರಿನದು ಇಟ್ಟರೆ ಸುಮಾರು 330 ಕೆಜಿ ಸಾಕು.

ಬುಡದ ಸುತ್ತ ನಾಲ್ಕು ದಿಕ್ಕಿಗೆ ಆರೂವರೆ ಮೀಟರ್ ದೂರದಲ್ಲಿ ಕಾಂಕ್ರೀಟ್ ಗುಂಡಿಗಳು. ಗಾಳಿ ಒಂದು ತಂತಿಯ ನೇರಕ್ಕೇ ಬಂದರೆ ಆ ತಂತಿಗೆ ಸುಮಾರು 900 ಕೆಜಿ ಬೀಳುತ್ತದೆ, ಗುಂಡಿಯನ್ನು 775 ಕೆಜಿಯಷ್ಟು ಮೇಲಕ್ಕೆ ಕೀಳುತ್ತದೆ. ಅದಕ್ಕೇ ಎರಡೂವರೆ ಅಡಿ ಚೌಕ, ಮೂರು ಅಡಿ ಆಳ ತೋಡಿಸಿದೆ. ಬರೀ ಕಾಂಕ್ರೀಟೇ 1250 ಕೆಜಿ ಆಗುತ್ತದೆ. 28 ದಿನ ನೀರು ಉಣಿಸಿ ಕಾದೆವು.

ಇಲ್ಲಿ ಒಂದು ಸೂಕ್ಷ್ಮ ಇದೆ. ಬುಡದ ಕೀಲಿನ ಪಿನ್ನು ಮತ್ತು ಎಡಬಲದ ಎರಡು ಗುಂಡಿಗಳ ಕೊಕ್ಕೆ, ಈ ಮೂರೂ ಒಂದೇ ಗೆರೆಯಲ್ಲಿ, ಒಂದೇ ಮಟ್ಟದಲ್ಲಿ ಇರಬೇಕು. ಹಾಗಿದ್ದರೆ ಕಂಬ ಏಳುವಾಗ ಪಕ್ಕದ ತಂತಿಗಳ ಬಿಗಿ ಬದಲಾಗುವುದಿಲ್ಲ. ಒಂದು ಕೊಕ್ಕೆ ನಾಲ್ಕು ಬೆರಳು ಮೇಲಿದ್ದರೂ ಒಂದು ಕಡೆ ತಂತಿ ಸಡಿಲಾಗಿ ಕಂಬ ವಾಲುತ್ತದೆ, ಇಲ್ಲ ಬಿಗಿದು ಕಿತ್ತುಕೊಳ್ಳುತ್ತದೆ. ನಮ್ಮ ದಿಬ್ಬ ಬಡಗಣಕ್ಕೆ ಇಳಿಜಾರು. ಕಣ್ಣಿಗೆ ಮಟ್ಟವಾಗಿ ಕಂಡದ್ದು ಒಂದಡಿ ವ್ಯತ್ಯಾಸ ಇತ್ತು. ಗಾರೆ ಕೆಲಸದವರ ಹಾಗೆ ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದು, ಆ ಕಡೆಯ ಗುಂಡಿಯನ್ನು ನೆಲದಿಂದ ಒಂದಡಿ ಮೇಲಕ್ಕೆ ಎತ್ತಿ ಕಟ್ಟಿದೆವು. ರಸಮಟ್ಟ ಇಷ್ಟು ದೂರಕ್ಕೆ ಸಾಲದು.

ಸ್ಟೇ ವೈರಿಗೆ 8 ಮಿಲಿಮೀಟರಿನ ಜಿಐ ವೈರ್ ರೋಪ್, ಎರಡು ಹಂತದಲ್ಲಿ ನಾಲ್ಕು ನಾಲ್ಕು. ಕರೆಂಟ್ ಕಂಬಕ್ಕೆ ಹಾಕುವ ಏಳೆಳೆಯ ತಂತಿ ಗಟ್ಟಿಯೇ, ಆದರೆ ಪದೇಪದೇ ಸುತ್ತಿ ಬಿಚ್ಚಲು ಅದು ಬಗ್ಗುವುದಿಲ್ಲ. ಪ್ರತಿ ತುದಿಗೂ, ಮಡಚಿದ ರೋಪನ್ನು ಕಚ್ಚಿ ಹಿಡಿಯುವ ಮೂರು ಬುಲ್‌ಡಾಗ್ ಕ್ಲಾಂಪು. ಕ್ಲಾಂಪಿನ ದಪ್ಪ ತಳ ಭಾರ ಹೊರುವ ಎಳೆಯ ಮೇಲೆ ಕೂರಬೇಕು, ಯು ಬೋಲ್ಟು ಮಡಚಿ ಬಂದ ಸತ್ತ ಎಳೆಯ ಮೇಲೆ. ತಿರುಗಾಮುರುಗಾ ಹಾಕಿದರೆ ಯು ಬೋಲ್ಟು ಭಾರದ ಎಳೆಯನ್ನೇ ಜಜ್ಜುತ್ತದೆ. ನಮ್ಮ ಹುಡುಗ ಹಾಕಿದ 48 ಕ್ಲಾಂಪುಗಳಲ್ಲಿ ಐದು ಉಲ್ಟಾ ಇದ್ದವು. ಒಂದೊಂದನ್ನೂ ಮುಟ್ಟಿ ನೋಡಿದ್ದರಿಂದ ಸಿಕ್ಕವು.

ಎತ್ತುವ ದಿನ ಬೆಳಗಿನ ಜಾವ ಆರಿಸಿಕೊಂಡೆವು, ಗಾಳಿ ಮಲಗಿರುವ ಹೊತ್ತು. ಟ್ರ್ಯಾಕ್ಟರ್ ಇಲ್ಲ. ಬಾಡಿಗೆಗೆ ಟರ್ಫರ್ ಮಷಿನ್ ತಂದಿದ್ದೆ. ಅದು ಕೈಹಿಡಿ ಆಡಿಸಿದಷ್ಟೇ ಎಳೆಯುತ್ತದೆ, ಬಿಟ್ಟರೆ ಅಲ್ಲೇ ಕಚ್ಚಿ ನಿಲ್ಲುತ್ತದೆ. ಈ ಸಲ ಎರಡೂ ಹಂತದ ಮುಂದಿನ ತಂತಿಗಳನ್ನು ಜಿನ್ ಪೋಲ್ ತುದಿಗೆ ಕಟ್ಟಿದ್ದೆ. ಮೊದಲ ಸಲ ಮೇಲಿನದನ್ನಷ್ಟೇ ಕಟ್ಟಿದ್ದಕ್ಕೆ ಕಂಬದ ಹೊಟ್ಟೆ ಜೋತುಬಿದ್ದಿತ್ತು. ತುದಿಗೆ ಮತ್ತೆ ಅದೇ ಮರಳು ಚೀಲ. ಕಂಬದ ಒಂದೂವರೆ ಪಟ್ಟು ದೂರದೊಳಗೆ ಟರ್ಫರ್ ಆಡಿಸುವ ನನ್ನನ್ನು ಬಿಟ್ಟು ಯಾರೂ ಇರಕೂಡದು ಅಂತ ಸುಣ್ಣದ ಗೆರೆ ಎಳೆದೆ. ನಾನು ಕೂತದ್ದೂ ಕಂಬ ಬೀಳುವ ದಿಕ್ಕಿಗೆ ವಿರುದ್ಧ ಬದಿಯಲ್ಲಿ, ಗುಂಡಿಯ ಹಿಂದೆ. ಹತ್ತು ಹಿಡಿ ಆಡಿಸುವುದು, ನಿಲ್ಲುವುದು, ಪಕ್ಕದ ತಂತಿ ನೋಡಿದವನು "ಸರಿ ಇದೆ ಅಣ್ಣ" ಅಂದ ಮೇಲೆ ಮತ್ತೆ ಹತ್ತು. ಕೊನೆಯಲ್ಲಿ ಎಚ್ಚರ ಬೇಕು. ನೆಟ್ಟಗಾಗುವ ಹೊತ್ತಿಗೆ ಕಂಬ ತಾನೇ ಮುಂದಕ್ಕೆ ಹೋಗಲು ನೋಡುತ್ತದೆ, ಆಗ ಹಿಂದಿನ ತಂತಿ ಹಿಡಿಯಲೇಬೇಕು. ಒಂದೂಕಾಲು ಗಂಟೆ ಹಿಡಿಯಿತು. ತೂಕದ ಗುಂಡು ಇಳಿಬಿಟ್ಟು ಎರಡು ದಿಕ್ಕಿನಿಂದ ನೋಡಿ, ತಂತಿ ಬಿಗಿ ಮಾಡುವ ತಿರುಪು, ಅಂದರೆ ಟರ್ನ್ ಬಕಲ್ ತಿರುಗಿಸಿ ನೇರ ಮಾಡಿದೆವು. ಟರ್ನ್ ಬಕಲ್ ಒಳಗೆ ಸಣ್ಣ ತಂತಿ ಪೋಣಿಸಿ ಕಟ್ಟಲು ಮರೆಯಬಾರದು. ಕಟ್ಟದಿದ್ದರೆ ನಡುಕಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೆರೆ ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜನೊಬ್ಬರು ನಿಂತು ನೋಡಿ, "ಏನಪ್ಪಾ, ಇನ್ನೂ ಗುಡಿ ಇಲ್ಲ, ಗರುಡಗಂಬ ನೆಟ್ಟಿದ್ದೀಯಾ?" ಅಂದರು. ನನಗೆ ತುಂಬಾ ಸಂತೋಷವಾಯಿತು.

ಒಂದು ವಾರ ಮರಳು ಚೀಲ ಹೊತ್ತೇ ನಿಂತಿತು. ಆಮೇಲೆ ಮಲಗಿಸಿ ಯಂತ್ರ ಕೂರಿಸಿದೆ. ಎತ್ತುವಾಗ, ಇಳಿಸುವಾಗ ಯಂತ್ರದ ಮೂರು ವೈರನ್ನು ಒಂದಕ್ಕೊಂದು ಸೇರಿಸಿ ಕಟ್ಟಿರುತ್ತೇನೆ, ಆಗ ರೆಕ್ಕೆ ಬಿಗಿಹಿಡಿದುಕೊಂಡು ಓಡುವುದಿಲ್ಲ. ಬುಡಕ್ಕೂ ನಾಲ್ಕು ಗುಂಡಿಗಳಿಗೂ ಬೇರೆ ಬೇರೆ ಅರ್ತಿಂಗ್ ರಾಡು ಹೊಡೆಸಿದ್ದೇನೆ. ಚೈತ್ರ ವೈಶಾಖದ ಸಿಡಿಲು ನಮ್ಮ ಕಡೆ ಕಡಿಮೆ ಏನಲ್ಲ. ಕಂಬ ಯಾವ ಕಡೆ ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರ ಇದೆ. ಇದೊಂದು ಇಲ್ಲದಿದ್ದರೆ ಕೆಲಸವನ್ನೇ ಶುರು ಮಾಡಬೇಡಿ.

ಒಂದು ಕಿಲೋವ್ಯಾಟ್ ಅಂದರೆ ಯಾವಾಗಲೂ ಅಷ್ಟು ಬರುತ್ತದೆ ಅಂತ ಅಲ್ಲ. ಸೆಕೆಂಡಿಗೆ 5 ಮೀಟರ್ ಗಾಳಿಗೆ 80 ವ್ಯಾಟ್ ಸಿಕ್ಕರೆ ಹೆಚ್ಚು. 8 ಮೀಟರ್ ಆದಾಗ 300 ದಾಟುತ್ತದೆ. ಆಷಾಢದ ರಾತ್ರಿಗಳಲ್ಲಿ ಅದು ನಮ್ಮ ಬ್ಯಾಟರಿ ತುಂಬಿಸುತ್ತದೆ, ನನಗೆ ಅಷ್ಟೇ ಬೇಕಿದ್ದದ್ದು.

ಪ್ರತಿ ವರ್ಷ ಆಷಾಢಕ್ಕೆ ಮುಂಚೆ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ ಕಂಬ ಮಲಗಿಸುತ್ತೇನೆ. ಯಾರೂ ಹತ್ತುವ ಹಾಗಿಲ್ಲ, ಹತ್ತಲು ಮೆಟ್ಟಿಲನ್ನೇ ಇಟ್ಟಿಲ್ಲ. ಕೀಲಿಗೆ ಗ್ರೀಸು, ರೆಕ್ಕೆಯ ಅಂಚಿಗೆ ಪೇಂಟು, ಬೋಲ್ಟುಗಳಿಗೆ ಪಾನಾ. ಹೋದ ಸಲ ಮೇಲಿನ ಹಂತದ ಪಡುವಣ ತಂತಿಯಲ್ಲಿ ಮುರಿದ ಎಳೆಗಳು ಮುಳ್ಳಿನ ಹಾಗೆ ಎದ್ದಿದ್ದವು. ಹತ್ತಿಬಟ್ಟೆಯಿಂದ ತಂತಿ ಸವರುತ್ತಾ ಹೋದಾಗ ಬಟ್ಟೆ ಸಿಕ್ಕಿಕೊಂಡಿತು, ಅದರಿಂದ ಗೊತ್ತಾಯಿತು. ಹೊಸ ರೋಪ್ ಹಾಕಿ, ಕ್ಲಾಂಪುಗಳನ್ನು ಮುಟ್ಟಿ ನೋಡಿ, ಸಂಜೆಯೊಳಗೆ ಮತ್ತೆ ಎತ್ತಿ ನಿಲ್ಲಿಸಿದೆವು. ಈಗ ಎತ್ತಲು ನಲವತ್ತು ನಿಮಿಷ ಸಾಕು.