ಹತ್ತೂವರೆಗೆ ಗುಡುಗುವ ಹೊಟ್ಟೆ

ಜೀರ್ಣಾಂಗಗಳ ಚಾರ್ಟ್ ನೇತುಹಾಕಿ, ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್ ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ನನ್ನ ಹೊಟ್ಟೆಯಿಂದ ಗುಳುಗುಳು ಶಬ್ದ. ಹಿಂದಿನ ಬೆಂಚಿನವನೊಬ್ಬ, "ಟೀಚರ್, ಕರುಳೇ ಪಾಠ ಮಾಡ್ತಿದೆ" ಎಂದ. ಮಕ್ಕಳ ಜೊತೆ ನಾನೂ ನಕ್ಕೆ. ಆದರೆ ಆರು ತಿಂಗಳಿಂದ ಇದೇ ಪಾಡು. ಹೊಟ್ಟೆ ಉಬ್ಬರ, ಗಾಳಿ, ವಾರಕ್ಕೆ ಎರಡು ಮೂರು ಸಲ ಸ್ಟಾಫ್ ರೂಮ್ ಪಕ್ಕದ ಬಾಗಿಲಿಗೆ ಓಟ.

ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೂ ಅದೇ, ಬೆನ್ನು ಹಿಡಿದರೂ ಅದೇ. ನಾನೂ ಬೆಳಗ್ಗೆ ಖಾಲಿ ಹೊಟ್ಟೆಗೆ ಆಸಿಡಿಟಿ ಮಾತ್ರೆ ನುಂಗಿದೆ. ಅತ್ತೆ ಜೀರಿಗೆ ಕಷಾಯ ಕೊಟ್ಟರು. ಸಹೋದ್ಯೋಗಿಯೊಬ್ಬರು, "ರಾತ್ರಿ ತಣ್ಣನೆ ಹಾಲು ಕುಡೀರಿ, ತಂಪಾಗುತ್ತೆ" ಅಂದರು. ಅದನ್ನೂ ಮಾಡಿದೆ. ಕಾಟ ರಾತ್ರಿಗೂ ಬಂತು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಮಲದಲ್ಲಿ ರಕ್ತ ಹೋಗಿದೆಯಾ, ತೂಕ ಇಳಿದಿದೆಯಾ, ಜ್ವರ ಬರುತ್ತಾ ಎಂದು ಮೊದಲು ಕೇಳಿದರು. ಅವು ಯಾವುದೂ ಇರಲಿಲ್ಲ. ಇದ್ದಿದ್ದರೆ ನನ್ನ ಕಥೆಯೇ ಬೇರೆ ಆಗುತ್ತಿತ್ತು, ಅಂಥವರು ಮನೆಯಲ್ಲಿ ಪ್ರಯೋಗ ಮಾಡುತ್ತ ಕೂರಬಾರದು. ಆಮೇಲೆ ಕೇಳಿದರು, "ಏನು ತಿಂದ ಎಷ್ಟು ಹೊತ್ತಿಗೆ ಶುರುವಾಗುತ್ತೆ?" ಉತ್ತರ ಗೊತ್ತಿರಲಿಲ್ಲ. ವಿಜ್ಞಾನದ ಟೀಚರ್ ನಾನು! ಮರ್ಯಾದೆ ಹೋದಂತಾಗಿ, ಒಂದು ಹಳೇ ನೋಟ್‌ಬುಕ್‌ಗೆ ಗೆರೆ ಎಳೆದೆ. ಗಂಟೆ, ತಿಂದದ್ದು, ಎಷ್ಟು, ಹೊಟ್ಟೆ.

ಗುಟ್ಟು ಬಿಟ್ಟುಕೊಟ್ಟಿದ್ದು ಧಾರವಾಡ ಪೇಡ. ಒಂದು ಭಾನುವಾರ ನೆಂಟರು ಡಬ್ಬಿ ತಂದರು. ಸಂಜೆ ಆರಕ್ಕೆ ಐದು ತಿಂದೆ, ಏಳೂವರೆಗೆ ಹೊಟ್ಟೆ ತಮಟೆ. ಪೇಡದಲ್ಲಿ ಖಾರವಿಲ್ಲ, ಹುಳಿಯಿಲ್ಲ, ಮಸಾಲೆಯಿಲ್ಲ. ಇರುವುದು ಸಕ್ಕರೆ ಮತ್ತು ಬತ್ತಿಸಿದ ಹಾಲು. ನೋಟ್‌ಬುಕ್ ಹಿಂದಕ್ಕೆ ತಿರುವಿದೆ. ಶಾಲೆಯ ದಿನಗಳಲ್ಲೆಲ್ಲ ಒಂದೇ ಜೋಡಿ. 8:45ಕ್ಕೆ ಹಾಲು, 10:30ಕ್ಕೆ ಗುಡುಗು. ಮೂಳೆಗೆ ಒಳ್ಳೇದು ಅಂತ ದೊಡ್ಡ ಲೋಟದಲ್ಲಿ ಹಾಲು ಕುಡಿಯಲು ಶುರು ಮಾಡಿದ್ದೂ ಆರು ತಿಂಗಳ ಹಿಂದೆಯೇ. ಅದಕ್ಕೆ ಮುಂಚೆ ಬರೀ ಕಾಫಿ.

ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಹಸುವಿನ ಹಾಲಿನ 100 ಮಿ.ಲೀ.ಗೆ ಸುಮಾರು 5 ಗ್ರಾಂ. ಇದು ಹಾಗೇ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಎರಡು ತುಂಡು ಮಾಡಬೇಕು. ಮೊಲೆ ಹಾಲು ಕುಡಿಯುವ ವಯಸ್ಸಿನಲ್ಲಿ ಈ ಕಿಣ್ವ ಧಾರಾಳ. ದೊಡ್ಡವರಾಗುತ್ತ ಬಹಳ ಜನರಲ್ಲಿ ಕಮ್ಮಿಯಾಗುತ್ತದೆ, ಉತ್ತರ ಭಾರತದವರಿಗಿಂತ ನಮ್ಮ ಕಡೆ ಜಾಸ್ತಿ ಜನಕ್ಕೆ ಹೀಗೆ. ತುಂಡಾಗದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ದೋಸೆ ಹಿಟ್ಟು ಉಬ್ಬುವ ಹಾಗೆ ಹುದುಗುತ್ತದೆ, ಹೈಡ್ರೋಜನ್ ಮುಂತಾದ ಅನಿಲ ಹೊರಡುತ್ತವೆ. ಗುಳುಗುಳು, ಉಬ್ಬರ, ಓಟ, ಮೂರಕ್ಕೂ ಕಾರಣ ಇದೇ. ನಾನು ಮಾತ್ರೆ ನುಂಗುತ್ತಿದ್ದದ್ದು ಜಠರದ ಆಮ್ಲಕ್ಕೆ. ಗಲಾಟೆ ನಡೆಯುತ್ತಿದ್ದದ್ದು ಆರು ಮೀಟರ್ ಆಚೆ.

ಇದಕ್ಕೆ ಉಸಿರಿನ ಪರೀಕ್ಷೆ ಇದೆ. ಲ್ಯಾಕ್ಟೋಸ್ ಕುಡಿಸಿ, ಉಸಿರಲ್ಲಿ ಹೈಡ್ರೋಜನ್ ಏರುತ್ತದಾ ಎಂದು ಎರಡು ಮೂರು ಗಂಟೆ ನೋಡುತ್ತಾರೆ. ಡಾಕ್ಟರು "ಮೊದಲು ಎರಡು ವಾರ ಹಾಲು ಬಿಟ್ಟು ನೋಡಿ" ಎಂದರು.

ಮೊದಲ ಸಲ ಕೆಡಿಸಿಕೊಂಡೆ. ಹಾಲು, ಕಾಫಿ, ಮೊಸರು ಎಲ್ಲ ಬಿಟ್ಟರೂ ಎಂಟನೇ ದಿನ ಹೊಟ್ಟೆ ತಮಟೆಯೇ. ಅದು ಜನವರಿ. ಮನೆಯಲ್ಲಿ ದಿನಾ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ಕಾಳುಗಳಲ್ಲೂ ನಮ್ಮ ಕರುಳಿಗೆ ಒಡೆಯಲಾಗದ ಸಕ್ಕರೆಗಳಿವೆ, ಅವೂ ಸೀದಾ ದೊಡ್ಡ ಕರುಳಿಗೇ ಹೋಗುತ್ತವೆ. ಅವರೆ ಸೀಸನ್‌ನಲ್ಲಿ ಈ ಪ್ರಯೋಗ ಮಾಡಬೇಡಿ ಮಾರಾಯ್ರೇ. ಫೆಬ್ರವರಿಯಲ್ಲಿ ಮತ್ತೆ ಶುರು ಮಾಡಿದೆ. ಐದನೇ ದಿನದಿಂದ ಎರಡನೇ ಪಿರಿಯಡ್ ನಿಶ್ಶಬ್ದ.

ಆಮೇಲೆ ಒಂದೊಂದೇ ವಾಪಸ್ ತಂದೆ, ಒಂದೊಂದಕ್ಕೂ ಮೂರು ದಿನ. ಮೊಸರು, ಮಜ್ಜಿಗೆ ಏನೂ ಮಾಡಲಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನಲ್ಲಿ ಒಂದಷ್ಟನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ಒಡೆಯುವುದಕ್ಕೂ ಅವುಗಳ ಕಿಣ್ವ ನೆರವಾಗುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬಹುದು, ಹಾಗಾಗಿ ಅದನ್ನು ಬಿಟ್ಟೇ ಇರಲಿಲ್ಲ. 50 ಮಿ.ಲೀ. ಹಾಲಿನ ಕಾಫಿ ಸುಮ್ನೆ ಹೋಯಿತು. ತಿಂಡಿಯ ಜೊತೆ 100 ಮಿ.ಲೀ. ಕೂಡ. ಖಾಲಿ ಹೊಟ್ಟೆಗೆ 250 ಕುಡಿದ ದಿನ 10:20ಕ್ಕೇ ಗುಡುಗು. ಅಲ್ಲಿಗೆ ನನ್ನ ಗಡಿ ಗೊತ್ತಾಯಿತು.

ಇದು ಹಾಲಿನ ಅಲರ್ಜಿ ಅಲ್ಲ. ಅಲರ್ಜಿ ಇರುವುದು ಹಾಲಿನ ಪ್ರೋಟೀನಿಗೆ, ಅವರಿಗೆ ಒಂದು ಚಮಚವೂ ಅಪಾಯ ಆಗಬಹುದು. ನನ್ನದು ಬರೀ ಅಳತೆಯ ಲೆಕ್ಕ. ಮೂಳೆಯ ಚಿಂತೆಗೆ ಮೊಸರಿದೆ, ಮುದ್ದೆಯಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ.

ಪೇಡ ಬಿಟ್ಟಿಲ್ಲ. ಊಟ ಆದ ಮೇಲೆ, ಒಂದೇ ಒಂದು. ಚಾರ್ಟ್ ಪಾಠದಲ್ಲಿ ಮಾತ್ರ ಒಂದು ಬದಲಾವಣೆ ಆಗಿದೆ. ಮುಂಚೆ "ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತದೆ" ಎಂದು ಒಂದು ಸಾಲು ಬರೆಸಿ ಮುಂದೆ ಹೋಗುತ್ತಿದ್ದೆ. ಈಗ ಅಲ್ಲೇ ಹತ್ತು ನಿಮಿಷ ನಿಲ್ಲುತ್ತೇನೆ.