ಎಂಟು ಗೇರಿನ ಕಾಲದ ಸೆಟ್ಟು, ಪುಣೆಯ ರಸ್ತೆ: ನನ್ನ ಅನುಭವ

1980ರ ದಶಕದ ನಡುವಿನಿಂದ 1990ರ ದಶಕದ ನಡುವಿನವರೆಗೆ ಬಂದ ರೋಡ್ ಬೈಕಿನ ಬಿಡಿಭಾಗಗಳೆಂದರೆ ನನಗೆ ಬಲು ಪ್ರೀತಿ. ಜಪಾನಿನ ಶಿಮಾನೊ ಕಂಪನಿಯ 600, 105 ಸೆಟ್ಟುಗಳು, ಅದೇ ಕಾಲದ ಇಟಲಿಯ ಕಾಂಪಾನ್ಯೋಲೊ, ಯಾವುದೇ ಇರಲಿ, ಒಂದೊಂದನ್ನೂ ಬಿಚ್ಚಬಹುದು, ತೊಳೆಯಬಹುದು, ಸವೆದದ್ದನ್ನಷ್ಟೇ ತೆಗೆದು ಮತ್ತೆ ಕೂಡಿಸಬಹುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಾತ್ರಜ್, ಬೋಪದೇವ್ ಘಾಟಿನ ಕೆಸರು ಗಾಲಿಯ ನಡುವಿನ ಹಬ್‌ ಒಳಗೆ ಹೊಕ್ಕೇ ಹೊಗುತ್ತದೆ. ಹಾಗಿರುವಾಗ ಬಿಚ್ಚಲು ಬರುವ ಹಬ್‌ ಇರುವುದೇ ಲೇಸು. ಪುಣೆಯಲ್ಲಿ ಸೈಕಲ್ ಹೊಡೆಯುವ ನಮ್ಮ ಕನ್ನಡದ ಗೆಳೆಯರು ಹಳೆಯ ಸ್ಟೀಲ್ ಫ್ರೇಮು ಸಿಕ್ಕಾಗಲೆಲ್ಲ ಕೇಳುವುದು ಎರಡೇ ಮಾತು: ಯಾವ ಭಾಗ ಇಟ್ಟುಕೊಳ್ಳಬೇಕು, ಅದನ್ನು ಹೇಗೆ ಸರಿಮಾಡಬೇಕು. ನಾನು ಮಾಡುವ ರೀತಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಆಯ್ಕೆ. ಹಿಂದಿನ ಡಿರೇಲರನ್ನು, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನವನ್ನು, ಓರೆಯಾಗಿ ಕೂರಿಸುವ ವಿನ್ಯಾಸವನ್ನು ಜಪಾನಿನ ಸನ್‌ಟೂರ್ 1964ರಲ್ಲಿ ತಂದಿತು. ಇದರಿಂದ ಡಿರೇಲರಿನ ಮೇಲಿನ ಪುಲ್ಲಿ (ಚೈನು ಹಾಯುವ ಪುಟ್ಟ ಚಕ್ರ) ಎಲ್ಲ ಹಲ್ಲುಚಕ್ರಗಳಿಗೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಓಡಾಡುತ್ತದೆ. ಅದರ ಪೇಟೆಂಟ್ ಮುಗಿದದ್ದು 1984ರಲ್ಲಿ. ಅದೇ ವರ್ಷ ಶಿಮಾನೊ ಈ ಓರೆ ಜೋಡಣೆಯನ್ನು ತನ್ನ ಡ್ಯುರಾ-ಏಸ್ 7400ಕ್ಕೆ ತೆಗೆದುಕೊಂಡು, ಗೇರ್ ಲಿವರಿಗೆ ಗೇರಿಗೊಂದರಂತೆ ಕ್ಲಿಕ್ ಸೇರಿಸಿತು. ಹಾಗಾಗಿ ಆ ವರ್ಷದ ಆಚೆಗಿನ ಶಿಮಾನೊ ಡಿರೇಲರ್‌ಗಳು ಇವತ್ತಿನ ಚೈನಿನ ಜೊತೆಗೂ ಚೊಕ್ಕವಾಗಿ ಗೇರು ಬದಲಿಸುತ್ತವೆ. ಆದರೆ ಒಂದು ಎಚ್ಚರ. 7400 ಸರಣಿಯ ಡ್ಯುರಾ-ಏಸ್ ಡಿರೇಲರ್ ಎಳೆಯುವ ಕೇಬಲ್ಲಿನ ಅಳತೆ ಉಳಿದ ಶಿಮಾನೊಗಳಿಗಿಂತ ಬೇರೆ. ಅದಕ್ಕೆ ಅದೇ ಸರಣಿಯ ಲಿವರ್ ಬೇಕು. 600ರ ಲಿವರ್ ಹಾಕಿದರೆ ಕ್ಲಿಕ್ಕುಗಳು ಎಂದಿಗೂ ಕೂಡುವುದಿಲ್ಲ. ಸನ್‌ಟೂರಿನ ಆಕ್ಯುಶಿಫ್ಟ್ ಲಿವರ್‌ಗಳದ್ದೂ ಇದೇ ತಕರಾರು. ಅವುಗಳ ಲೆಕ್ಕ ಸನ್‌ಟೂರ್ ಹಲ್ಲುಚಕ್ರಗಳಿಗೆ ಮಾತ್ರ ಹೊಂದುತ್ತದೆ.

ಏಳು ಅಥವಾ ಎಂಟು ಗೇರಿನ ಸೆಟ್ಟನ್ನೇ ಹುಡುಕಿ ಎನ್ನುತ್ತೇನೆ, ಅದರಲ್ಲೂ ಎಂಟು. ಏಳು ಗೇರಿನಲ್ಲಿ ಹಲ್ಲುಚಕ್ರಗಳ ನಡುವಿನ ಅಂತರ 5 ಮಿ.ಮೀ., ಎಂಟರಲ್ಲಿ 4.8. ಶಿಮಾನೊ ಕ್ಲಾರಿಸ್‌ನಂತಹ ಸೆಟ್ಟುಗಳು ಎಂಟು ಗೇರಿನವೇ ಆದ್ದರಿಂದ ಅದೇ ಚೈನು, ಅದೇ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಯಾವ ಗೇರ್ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ. ಹಿಂದಿನ ಹಬ್‌ ಹಳೆಯ ಯೂನಿಗ್ಲೈಡ್ ಆಗಿದ್ದರೆ, ಅಂದರೆ ಅತಿ ಚಿಕ್ಕ ಚಕ್ರವನ್ನು ಥ್ರೆಡ್ ಮೇಲೆ ತಿರುಗಿಸಿ ಬಿಗಿಯುವಂಥದ್ದಾದರೆ, ಇವತ್ತಿನ ಕ್ಯಾಸೆಟ್ ಕೂರುವುದಿಲ್ಲ. ಆಗ 10 ಮಿ.ಮೀ. ಆ್ಯಲನ್ ಕೀಲಿಯಿಂದ ಫ್ರೀಹಬ್ ಬಾಡಿ (ಕ್ಯಾಸೆಟ್ ಕೂರುವ ಭಾಗ) ಬಿಚ್ಚಿ, ಇವತ್ತಿನ ಬಗೆಯ ಹೈಪರ್‌ಗ್ಲೈಡ್ ಬಾಡಿ ಹಾಕಬೇಕು. ಎಂಟು ಗೇರಿನ ಬಾಡಿ ಏಳರದ್ದಕ್ಕಿಂತ ಉದ್ದ, ಹಾಗಾಗಿ ಆ್ಯಕ್ಸಲ್ ಸ್ಪೇಸರ್ ಹೊಂದಿಸಿ, ಕಡ್ಡಿ ಬಿಗಿದು ರಿಮ್ಮನ್ನು ಮತ್ತೆ ನಡುವಿಗೆ ತರುವ ಕೆಲಸ ಬೀಳುತ್ತದೆ. ಫ್ರೇಮಿನ ಹಿಂದಿನ ಅಗಲವೂ 126ರಿಂದ 130 ಮಿ.ಮೀ.ಗೆ ಬರಬೇಕು. ಸ್ಟೀಲ್ ಫ್ರೇಮಾದರೆ ಒಂದೊಂದು ಬದಿಯನ್ನು 2 ಮಿ.ಮೀ. ಬಗ್ಗಿಸಿದರಾಯಿತು. ಬಗ್ಗಿಸಿದ ಮೇಲೆ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಕೊಳವೆ) ಸುತ್ತ ದಾರ ಹಾಕಿ, ಹಿಂದಿನ ಆ್ಯಕ್ಸಲ್ ಕೂರುವ ಎರಡೂ ಡ್ರಾಪ್‌ಔಟಿಗೆ ಎಳೆದು ಕಟ್ಟಿ, ದಾರದಿಂದ ಸೀಟ್ ಟ್ಯೂಬಿಗಿರುವ ದೂರ ಎರಡೂ ಕಡೆ ಒಂದೇ ಇದೆಯೇ ಎಂದು ಅಳೆಯಬೇಕು. ಅಲ್ಯುಮಿನಿಯಂ, ಕಾರ್ಬನ್ ಫ್ರೇಮುಗಳಿಗೆ ಈ ಕೆಲಸ ಸಲ್ಲದು.

ಇನ್ನು ಹಬ್‌. ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಯೇ. ಶಿಮಾನೊ ಮುಂದಿನ ಹಬ್‌ಗೆ 13 ಮಿ.ಮೀ., ಹಿಂದಿನದಕ್ಕೆ 15 ಮಿ.ಮೀ. ತೆಳು ಕೋನ್ ಪಾನಾ (ಸ್ಪ್ಯಾನರ್) ಬೇಕು. ಕೋನ್ ಎಂದರೆ ಆ್ಯಕ್ಸಲ್ ಮೇಲೆ ತಿರುಗಿಸಿ ಕೂರಿಸುವ, ಬಾಲುಗಳನ್ನು ಕಪ್ಪಿಗೆ ಒತ್ತುವ ಇಳಿಜಾರು ತುದಿಯ ನಟ್ಟು. ಸಾದಾ ಪಾನಾ ದಪ್ಪ. ಕೋನಿನ ಚಪ್ಪಟೆ ಜಾಗಕ್ಕೆ ಇಳಿಯುವುದಿಲ್ಲ. ಒಂದೇ ಬದಿಯ ಲಾಕ್‌ನಟ್ಟು, ಕೋನು ಬಿಚ್ಚಿ, ಇನ್ನೊಂದು ಬದಿಯದ್ದನ್ನು ಆ್ಯಕ್ಸಲ್ ಮೇಲೆ ಹಾಗೇ ಬಿಡಿ. ಮರಳಿ ಕೂಡಿಸುವಾಗ ಮೊದಲಿನ ಅಳತೆ ತಪ್ಪುವುದಿಲ್ಲ. ಹಿಂದಿನ ಗಾಲಿಯಲ್ಲಿ ಬಿಚ್ಚುವುದು ಎಡಗಡೆಯದು. ಮುಂದೆ ಬದಿಗೆ 10ರಂತೆ 3/16 ಇಂಚಿನ ಬಾಲು, ಹಿಂದೆ ಬದಿಗೆ 9ರಂತೆ 1/4 ಇಂಚಿನವು. ಹಳೆಯ ಕಾಂಪಾನ್ಯೋಲೊ ಮುಂದಿನ ಹಬ್‌ನಲ್ಲಿ ಮಾತ್ರ 7/32 ಇಂಚಿನ 9 ಬಾಲು ಇರುತ್ತವೆ. ಕಣ್ಣಳತೆಗೆ ಇದೂ 3/16 ಒಂದೇ ಎನಿಸುತ್ತದೆ, ಆದ್ದರಿಂದ ಕ್ಯಾಲಿಪರ್ ಹಿಡಿದು ನೋಡಿಯೇ ಕೊಳ್ಳಬೇಕು. 3/16, 1/4 ಎರಡೂ ಊರ ಸೈಕಲ್ ಅಂಗಡಿಯಲ್ಲಿ ಸಿಗುತ್ತವೆ. ಆದರೂ ನಾನು ಬೇರಿಂಗ್ ಅಂಗಡಿಯಿಂದ ಗ್ರೇಡ್ 25ರ ಬಾಲು ತರುತ್ತೇನೆ. ಒಂದು ಬದಿಯ ಬಾಲುಗಳಲ್ಲಿ ಗಾತ್ರದ ವ್ಯತ್ಯಾಸವಿದ್ದರೆ ಭಾರವೆಲ್ಲ ದಪ್ಪನೆಯ ಎರಡು ಮೂರರ ಮೇಲೆಯೇ ಬಿದ್ದು ಕೋನು ಬೇಗ ಗುಳಿಬೀಳುತ್ತದೆ. ಹಳೆಯ ಬಾಲುಗಳನ್ನು ತೊಳೆದು ಮತ್ತೆ ಹಾಕುವುದು ಬೇಡ.

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಬಾಲು ಓಡುವ ದಾರಿಯ ಮೇಲೆ ಬಾಲ್‌ಪೆನ್ನಿನ ಮೊನೆಯನ್ನು ಮೆಲ್ಲಗೆ ಎಳೆದರೆ ಕಣ್ಣಿಗೆ ಕಾಣದ ಗುಳಿಯೂ ಕೈಗೆ ತಿಳಿಯುತ್ತದೆ. ಹೊಳೆಯುವ ಗೆರೆ ಇದ್ದರೆ ಚಿಂತೆಯಿಲ್ಲ, ಮೊನೆ ತಡೆದರೆ ಕೋನು ಬದಲಿಸಬೇಕು. ಶಿಮಾನೊದಲ್ಲಿ ಹಿಂದಿನ ಕೋನಿನ ಥ್ರೆಡ್ 10 ಮಿ.ಮೀ., ಮುಂದಿನದು 9, ಎರಡಕ್ಕೂ ಪಿಚ್ 1 ಮಿ.ಮೀ. ಥ್ರೆಡ್ ಕೂಡಿದರೆ ಸಾಲದು. ಹಳೆಯದನ್ನು ಪಕ್ಕಕ್ಕಿಟ್ಟು ಎತ್ತರ, ಇಳಿಜಾರು, ಧೂಳು ತಡೆಯುವ ಅಂಚು ಮೂರನ್ನೂ ಹೋಲಿಸಿ. ಹಬ್‌ ಒಳಗಿನ ಕಪ್ಪೇ ಗುಳಿಬಿದ್ದಿದ್ದರೆ ಆ ಹಬ್‌ ಮುಗಿಯಿತು. ಹೊಸ ಕೋನು ಹಾಕಿದರೂ ಅದು ಬಾಳುವುದಿಲ್ಲ. ಹಳೆಯ ಗಾಲಿ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಆ್ಯಕ್ಸಲನ್ನು ಬೆರಳಲ್ಲಿ ಹಿಡಿದು ನಿಧಾನ ತಿರುಗಿಸಿ ನೋಡಬೇಕು. ಮೊದಲಿನವರು ಸರಿಯಾಗಿ ಬಿಗಿದಿಲ್ಲದ್ದರಿಂದ ಆಗುವ ಗರಗರ ಬೇರೆ, ಒಂದೇ ಜಾಗದಲ್ಲಿ ಪದೇಪದೇ ತಡೆಯುವುದು ಬೇರೆ. ಎರಡನೆಯದಿದ್ದರೆ ಬಿಟ್ಟುಬಿಡಿ.

ಗ್ರೀಸಿಗೆ ಆಟೋ ಅಂಗಡಿಯ ಎಪಿ3 ಸಾಕು. ಕಪ್ಪಿನ ಅರ್ಧದವರೆಗೆ ತುಂಬಿ, ಬಾಲು ಒತ್ತಿ ಕೂರಿಸಿ, ಮೇಲೊಂದು ಪದರ ಬಳಿಯಿರಿ. ಈಗ ಬಿಗಿತ. ಕ್ವಿಕ್ ರಿಲೀಸ್ (ಗಾಲಿಯನ್ನು ಫ್ರೇಮಿಗೆ ಬಿಗಿಯುವ ಲಿವರ್) ಮುಚ್ಚಿದಾಗ ಆ್ಯಕ್ಸಲ್ ಕೂದಲೆಳೆಯಷ್ಟು ಅದುಮಿಕೊಂಡು ಕೋನು ಒಳಗೆ ಸರಿಯುತ್ತದೆ. ಹೀಗಾಗಿ ಗಾಲಿ ಕೈಯಲ್ಲಿರುವಾಗ ತುಸು ಪ್ಲೇ (ಅಲುಗಾಟ) ಇರಲೇಬೇಕು, ಫ್ರೇಮಿಗೆ ಹಾಕಿ ಲಿವರ್ ಮುಚ್ಚಿದಾಗ ಅದು ಪೂರ್ತಿ ಹೋಗಬೇಕು. ಕೈಯಲ್ಲೇ ಪ್ಲೇ ಇಲ್ಲದಂತೆ ಬಿಗಿದ ಹಬ್‌, ಫ್ರೇಮಿನಲ್ಲಿ ಅತಿ ಬಿಗಿಯಾಗಿ ಓಡುತ್ತದೆ. ನಾನು ನೋಡಿದ ಹಾಳಾದ ಕೋನುಗಳಲ್ಲಿ ಹೆಚ್ಚಿನವು ಕೆಟ್ಟದ್ದು ಈ ಕಾರಣಕ್ಕೆ ಇಲ್ಲವೇ ಸರ್ವಿಸ್ ಸೆಂಟರಿನ ಪ್ರೆಶರ್ ನೀರಿಗೆ. ಲಾಕ್‌ನಟ್ಟು ಬಿಗಿಯುವಾಗಲೂ ಕೋನು ಸ್ವಲ್ಪ ತಿರುಗುತ್ತದೆ. ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡಿದರೇ ಸರಿಯಾದ ಜಾಗ ಸಿಗುವುದು, ಬೇಸರಪಡಬೇಡಿ. ಫ್ರೀಹಬ್ ಬಾಡಿಗೆ ಮಾತ್ರ ಗ್ರೀಸ್ ಬೇಡ. ಒಳಗಿನ ಕೊಕ್ಕೆಗಳು ಅಂಟಿ, ತುಳಿದಾಗ ಜಾರುತ್ತವೆ. ಡೀಸೆಲ್ ಹಾಯಿಸಿ ತೊಳೆದು, ಒಣಗಿಸಿ, 90 ನಂಬರಿನ ಗೇರ್ ಆಯಿಲ್ ಕೆಲವು ಹನಿ ಬಿಡಿ.

ಗೇರು ಕೂಡಿಸುವ ಮುನ್ನ ಡಿರೇಲರ್ ಹ್ಯಾಂಗರ್ (ಫ್ರೇಮಿನಲ್ಲಿ ಡಿರೇಲರ್ ಬಿಗಿಯುವ ಕಿವಿ) ನೇರವಿದೆಯೇ ನೋಡಬೇಕು. ಹಳೆಯ ಫ್ರೇಮುಗಳಲ್ಲಿ ಇದು ಬಹುತೇಕ ಒಳಗೆ ಬಾಗಿರುತ್ತದೆ. ಹ್ಯಾಂಗರಿನ ಥ್ರೆಡ್ 10 ಮಿ.ಮೀ., ಪಿಚ್ 1 ಮಿ.ಮೀ. ಹಿಂದಿನ ಆ್ಯಕ್ಸಲಿನದ್ದೂ ಅದೇ. ಆದ್ದರಿಂದ ಇನ್ನೊಂದು ಹಿಂದಿನ ಗಾಲಿಯ ಆ್ಯಕ್ಸಲನ್ನೇ ಹ್ಯಾಂಗರಿಗೆ ತಿರುಗಿಸಿ ಕೂರಿಸಿದರೆ ಎರಡು ಗಾಲಿ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಎರಡು ರಿಮ್ಮುಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಅಳೆದು, 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಾಲಿಯನ್ನೇ ಹಿಡಿದು ಮೆಲ್ಲಗೆ ಬಗ್ಗಿಸಿ. ದುಬಾರಿ ಗೇಜ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಕೇಬಲ್ ಹೊಸದೇ ಆಗಬೇಕು: 1.2 ಮಿ.ಮೀ. ಒಳತಂತಿ, ಉದ್ದುದ್ದ ತಂತಿಗಳಿರುವ 4 ಮಿ.ಮೀ. ಗೇರ್ ಔಟರ್ (ಹೊರ ಕೊಳವೆ). ಸುರುಳಿಯ ಬ್ರೇಕ್ ಔಟರ್ ಹಾಕಿದರೆ ಅದು ಅದುಮಿಕೊಂಡು ಕ್ಲಿಕ್ಕಿನ ಲೆಕ್ಕ ತಪ್ಪುತ್ತದೆ. ಇದರ ತಿರುಗುಮುರುಗು ಇನ್ನೂ ಅಪಾಯ. ಗೇರ್ ಔಟರನ್ನು ಬ್ರೇಕಿಗೆ ಹಾಕಿದರೆ ಒತ್ತಡಕ್ಕೆ ಸೀಳಬಹುದು. ಕತ್ತರಿಸಿದ ತುದಿಯನ್ನು ಅರದಿಂದ ಚಪ್ಪಟೆ ಮಾಡಿ, ಒಳಗಿನ ಪ್ಲಾಸ್ಟಿಕ್ ಬಾಯಿಯನ್ನು ದಬ್ಬಣದಿಂದ ತೆರೆಯಿರಿ. ಪುಲ್ಲಿ ತೊಳೆಯಲು ಬಿಚ್ಚಿದಾಗ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಗುರುತಿಡಿ. ಕ್ಲಿಕ್ ಇರುವ ಶಿಮಾನೊಗಳಲ್ಲಿ ಮೇಲಿನ ಪುಲ್ಲಿ ಅಕ್ಕಪಕ್ಕಕ್ಕೆ ತುಸು ಸರಿದಾಡುವಂತೆಯೇ ಮಾಡಿರುತ್ತಾರೆ, ಅದು ಸವೆತವಲ್ಲ. ಅದಲುಬದಲಾದರೆ ಗೇರು ಯಾವಾಗಲೂ ಗೊಣಗುತ್ತದೆ. ಕೊನೆಗೆ, ಕೇಬಲ್ ಬಿಗಿಯುವ ಮೊದಲು ಎರಡೂ ಮಿತಿ ಸ್ಕ್ರೂ (ಡಿರೇಲರ್ ಎರಡೂ ತುದಿ ದಾಟದಂತೆ ತಡೆಯುವವು) ಹೊಂದಿಸಿ, ಆಮೇಲೆ ಕೇಬಲ್ ಬಿಗಿದು, ಚಿಕ್ಕ ಚಕ್ರದಿಂದ ಒಂದು ಕ್ಲಿಕ್ ಒತ್ತಿ. ಚೈನು ಎರಡನೆಯದಕ್ಕೆ ಏರದಿದ್ದರೆ ಕೇಬಲ್ಲಿನ ಬಿಗಿತ ಹೊಂದಿಸುವ ಬ್ಯಾರಲ್ಲನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು. ಮೂರನೆಯದಕ್ಕೆ ತಾಗಿ ಸದ್ದು ಮಾಡಿದರೆ ಪ್ರದಕ್ಷಿಣವಾಗಿ ಕಾಲು ಸುತ್ತು.

ಡೌನ್‌ಟ್ಯೂಬ್ ಲಿವರನ್ನು, ಅಂದರೆ ಫ್ರೇಮಿನ ಕೆಳ ಕೊಳವೆಯ ಮೇಲಿರುವ ಗೇರ್ ಲಿವರನ್ನು, ನಾನು ಬಿಡದಿರುವುದಕ್ಕೆ ಕಾರಣವಿದೆ. ಬಲಗಡೆಯ ಲಿವರಿನ ಉಂಗುರ ತಿರುಗಿಸಿದರೆ ಕ್ಲಿಕ್ ಹೋಗಿ ಫ್ರಿಕ್ಷನ್ ಆಗುತ್ತದೆ, ಅಂದರೆ ಲಿವರ್ ನಾವು ಬಿಟ್ಟಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ಕೇಬಲ್ ಕೆಸರು ಹಿಡಿದು ಹೊಂದಾಣಿಕೆ ತಪ್ಪಿದರೂ ಮನೆ ಮುಟ್ಟಬಹುದು. ಬ್ರೇಕ್ ಲಿವರಿನೊಳಗೇ ಗೇರು ಇರುವ ಮೊದಲ ತಲೆಮಾರಿನ ಎಸ್‌ಟಿಐ ಲಿವರ್‌ಗಳ ಕಾಯಿಲೆ ಬೇರೆ: ಕಾರ್ಖಾನೆಯ ಗ್ರೀಸ್ ಗಟ್ಟಿಯಾಗಿ ಕೊಕ್ಕೆ ಹಿಡಿಯುವುದಿಲ್ಲ, ಲಿವರ್ ಸುಮ್ಮನೆ ಆಡುತ್ತದೆ. ಕೆಟ್ಟಿದೆ ಎಂದು ಎಸೆಯಬೇಡಿ. ಡಬ್ಲ್ಯುಡಿ-40 ಧಾರಾಳ ಹೊಡೆದು, ಐವತ್ತು ಅರವತ್ತು ಸಲ ಒತ್ತಿ, ಕಪ್ಪು ನೀರು ನಿಲ್ಲುವವರೆಗೆ ಮತ್ತೆ ಮತ್ತೆ ಹಾಯಿಸಿ. ಆಮೇಲೆ ತೆಳು ಎಣ್ಣೆ ಬಿಡುವುದನ್ನು ಮರೆಯಬಾರದು. ಬರೀ ಸ್ಪ್ರೇ ಬೇಗ ಒಣಗಿ ಲೋಹಕ್ಕೆ ಲೋಹ ತಿಕ್ಕುತ್ತದೆ.

ಬಾಟಂ ಬ್ರಾಕೆಟ್ (ಪೆಡಲ್ ತೋಳುಗಳ ನಡುವಿನ ಬೇರಿಂಗ್) ಬಿಚ್ಚುವಾಗ ಇಂಗ್ಲಿಷ್ ಥ್ರೆಡ್ಡಿನ ಫ್ರೇಮಿನಲ್ಲಿ ಬಲಗಡೆಯ ಕಪ್ಪು ಉಲ್ಟಾ ಥ್ರೆಡ್ಡಿನದು ಎಂಬುದು ನೆನಪಿರಲಿ. ಇಟಲಿಯ ಫ್ರೇಮಿನಲ್ಲಿ ಎರಡೂ ಸಾದಾ ಥ್ರೆಡ್ಡಿನವು. ಬದಿಗೆ 1/4 ಇಂಚಿನ 11 ಬಿಡಿ ಬಾಲು ಹಿಡಿಸುತ್ತವೆ. ಗೂಡಿನಲ್ಲಿರುವವು ಕಡಿಮೆ, ಅವನ್ನು ತೆಗೆದು ಬಿಡಿ ಬಾಲೇ ಹಾಕಿ. ಸ್ಪಿಂಡಲ್ ಗುಳಿಬಿದ್ದಿದ್ದರೆ ಇಂಗ್ಲಿಷ್ ಥ್ರೆಡ್ಡಿನ ಫ್ರೇಮಿಗೆ 68 ಮಿ.ಮೀ. ಶೆಲ್ಲಿನ ಚೌಕ ಸ್ಪಿಂಡಲ್ ಕಾರ್ಟ್ರಿಜ್ ಹಾಕುವುದರಲ್ಲಿ ತಪ್ಪೇನಿಲ್ಲ. ಉದ್ದ ಮಾತ್ರ ಅಳೆದು ತನ್ನಿ, ಇಲ್ಲದಿದ್ದರೆ ಚೈನು ನೇರಕ್ಕೆ ಬರುವುದಿಲ್ಲ. ಕ್ರ್ಯಾಂಕ್ (ಪೆಡಲ್ ತೋಳು) ಬೋಲ್ಟಿಗೆ ಸುಮಾರು 40 ನ್ಯೂಟನ್ ಮೀಟರ್ ಬಿಗಿತ ಬೇಕು, ಅಂದರೆ 25 ಸೆಂ.ಮೀ. ಹಿಡಿಕೆಯ ತುದಿಯಲ್ಲಿ ಸುಮಾರು 16 ಕಿಲೋ ಭಾರದಷ್ಟು ಒತ್ತು. ಸಡಿಲ ಬಿಟ್ಟು ಓಡಿಸಿದ ಅಲ್ಯುಮಿನಿಯಂ ಕ್ರ್ಯಾಂಕಿನ ಚೌಕ ತೂತು ಉರುಟಾಗುತ್ತದೆ, ಅದಕ್ಕೆ ಮದ್ದಿಲ್ಲ. ಕ್ರ್ಯಾಂಕ್ ಕೀಳುವ ಎಳೆಯಂತ್ರವನ್ನು ಪೂರ್ತಿ ಥ್ರೆಡ್ ಕೂರುವವರೆಗೆ ಕೈಯಲ್ಲೇ ತಿರುಗಿಸಬೇಕು. ಅರ್ಧ ಕೂತದ್ದನ್ನು ಪಾನಾದಿಂದ ಒತ್ತಿದರೆ ಥ್ರೆಡ್ ಕಿತ್ತುಬರುತ್ತದೆ.

ಸಿಂಹಗಡ ಹತ್ತುವವರಿಗೆ ಹಳೆಯ 42 ಹಲ್ಲಿನ ಚಿಕ್ಕ ಚೈನ್‌ರಿಂಗ್, ಹಿಂದೆ 24 ಬಲು ಭಾರ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 36 ಸುತ್ತು ತುಳಿಸುತ್ತದೆ, ಮಂಡಿಗೆ ಶಿಕ್ಷೆ. ಐದು ಬೋಲ್ಟಿನ ವೃತ್ತ 130 ಮಿ.ಮೀ. ಇರುವ ಕ್ರ್ಯಾಂಕಿಗೆ 39ರ ರಿಂಗ್ ಕೂರುತ್ತದೆ. 39ಕ್ಕೆ 28 ಸೇರಿದರೆ ಅದೇ ವೇಗಕ್ಕೆ 45 ಸುತ್ತಿನ ಆಸುಪಾಸು. ವೃತ್ತ 144 ಇರುವ ಕಾಂಪಾನ್ಯೋಲೊ ಕ್ರ್ಯಾಂಕಿಗೆ 41ಕ್ಕಿಂತ ಚಿಕ್ಕದು ಆಗದು; ಅದನ್ನು ಸಪಾಟು ರಸ್ತೆಯ ಸೈಕಲ್ಲಿಗೆ ಇಡಿ. ಹಳೆಯ ಚಿಕ್ಕ ಪಂಜರದ ಡಿರೇಲರ್‌ಗಳ ಮಿತಿ ಸಾಮಾನ್ಯವಾಗಿ 26 ಇಲ್ಲವೇ 28 ಹಲ್ಲು. 28 ಹಾಕಿದ ಮೇಲೆ ಮುಂದಿನ ದೊಡ್ಡ ರಿಂಗಿಗೆ ಹಿಂದಿನ ದೊಡ್ಡ ಚಕ್ರ ಹಾಕಿ ಚೈನಿನ ಉದ್ದ ಸಾಕೇ ಎಂದು ಸ್ಟ್ಯಾಂಡಿನಲ್ಲೇ ನೋಡಿ.

ಚೈನಿಗೆ ಸಾದಾ ಸ್ಟೀಲ್ ಸ್ಕೇಲ್ ಸಾಕು. ಪಿನ್ನಿನಿಂದ ಪಿನ್ನಿಗೆ 24 ಅರ್ಧ ಕೊಂಡಿಗಳ ಉದ್ದ ಹೊಸದರಲ್ಲಿ 305 ಮಿ.ಮೀ. ಇರುತ್ತದೆ. 306.5 ಮುಟ್ಟಿದರೆ ಚೈನು ಬದಲಿಸಿ. 308 ಆಗುವವರೆಗೆ ಬಿಟ್ಟರೆ ಕ್ಯಾಸೆಟ್ಟೂ ಅದರ ಜೊತೆ ಹೋಗುತ್ತದೆ. ಬ್ರೇಕಿನಲ್ಲಿ ಹಳೆಯ ರಬ್ಬರು ಎಷ್ಟೇ ದಪ್ಪ ಉಳಿದಿದ್ದರೂ ತೆಗೆಯಬೇಕು. ವರ್ಷಗಟ್ಟಲೆ ಒಣಗಿ ಕಲ್ಲಾದ ರಬ್ಬರು ಒದ್ದೆ ರಿಮ್ಮನ್ನು ಹಿಡಿಯುವುದಿಲ್ಲ, ದಿವೆ ಘಾಟಿನ ಇಳಿಜಾರಿನಲ್ಲಿ ಅದನ್ನು ನಂಬುವಂತಿಲ್ಲ.

ಸೀಟ್‌ಪೋಸ್ಟ್ ಮತ್ತು ಹ್ಯಾಂಡಲ್ ಸ್ಟೆಮ್ಮನ್ನು ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಹೊರತೆಗೆದು ಒರೆಸಿ ಗ್ರೀಸ್ ಬಳಿಯುತ್ತೇನೆ. ಸ್ಟೀಲ್ ಕೊಳವೆಯಲ್ಲಿ ಅಲ್ಯುಮಿನಿಯಂ ಒದ್ದೆಯಾಗಿ ಕೂತರೆ ಬಿಳಿ ಪುಡಿ ಉಬ್ಬಿ ಎರಡೂ ಕಚ್ಚಿಕೊಳ್ಳುತ್ತವೆ. ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಸ್ಟೆಮ್ ತೆಗೆಯುವಾಗ 6 ಮಿ.ಮೀ. ಆ್ಯಲನ್ ಕೀಲಿಯ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಒಳಗಿನ ಬೆಣೆ ಬಿಡುತ್ತದೆ. ಬೋಲ್ಟ್ ಪೂರ್ತಿ ಬಿಚ್ಚಿ ಹೊಡೆದರೆ ಬೆಣೆ ಒಳಗೇ ಬೀಳುತ್ತದೆ, ಆಗ ಫೋರ್ಕ್ ಇಳಿಸಬೇಕಾಗುತ್ತದೆ.